ಗೋಡೆಗಳ ನಡುವೆ ನಿಸ್ತಂತು ಸಂಪರ್ಕ: ಮನೆಯ ಗಣಕಯಂತ್ರಕ್ಕೆ ಯಾವ ಅಡಾಪ್ಟರ್?

ಕಾಪೂರಬಾವಡಿಯಿಂದ ಗಾಯಮುಖದವರೆಗೆ ಘೋಡಬಂದರ್ ರಸ್ತೆಯ ಇಕ್ಕೆಲಗಳಲ್ಲಿ ಮುಗಿಲೆತ್ತರದ ಕಟ್ಟಡಗಳು ತಲೆಯೆತ್ತಿವೆ. ಅಲ್ಲಿ ನೆಲೆಸಿದ ಕನ್ನಡಿಗರ ಮನೆಯೊಂದನ್ನು ಕಲ್ಪಿಸಿಕೊಳ್ಳಬಹುದು. ಊರಿನಿಂದ ಬಂದಿರುವ ವೃದ್ಧ ತಂದೆಗೆ ರಕ್ತದೊತ್ತಡ. ಬಹುಕಾಲ ಅವರನ್ನು ನೋಡಿಕೊಂಡ ವೈದ್ಯರು ಧಾರವಾಡದಲ್ಲಿ. ಗೊತ್ತುಪಡಿಸಿದ ಹೊತ್ತಿಗೆ ಒಳಕೋಣೆಯ ಗಣಕಯಂತ್ರದ ಪರದೆಯಲ್ಲಿ ವೈದ್ಯರ ಮುಖ ಮೂಡುತ್ತದೆ. "ಕಾಲು ಬಾತುಕೊಂಡಿದೆಯೇ?" ಎಂದು ಅವರು ಕೇಳುವಷ್ಟರಲ್ಲಿ ಚಿತ್ರ ಸ್ತಬ್ಧವಾಗುತ್ತದೆ, ಧ್ವನಿ ತುಂಡುತುಂಡಾಗುತ್ತದೆ. ಹಜಾರದಲ್ಲಿ ಕುಳಿತ ಮೊಮ್ಮಗಳ ಮೊಬೈಲಿನಲ್ಲಿ ಮಾತ್ರ ಎಲ್ಲವೂ ಸುಗಮ. ಮನೆಯವರ ಕೋಪವೆಲ್ಲ ಇಂಟರ್‌ನೆಟ್ ಕೊಟ್ಟವರ ಮೇಲೆ. ತಪ್ಪಾದರೋ ಗಣಕದ ಬೆನ್ನಿಗೆ ಸಿಕ್ಕಿಸಿದ ಉಗುರುಗಾತ್ರದ ಅಡಾಪ್ಟರಿನದು.

ದೂರವೈದ್ಯಕ್ಕೆ ಭಾರತದಲ್ಲಿ ಸ್ಪಷ್ಟವಾದ ಮಾರ್ಗಸೂಚಿ ದೊರೆತದ್ದು 2020ರ ಮಾರ್ಚ್ 25ರಂದು, ದೇಶವ್ಯಾಪಿ ಲಾಕ್‌ಡೌನ್ ಆರಂಭವಾದ ದಿನದಂದೇ. ಅಂದಿನಿಂದ ಈ ಪುಟ್ಟ ಸಾಧನವೂ ಒಂದರ್ಥದಲ್ಲಿ ಮನೆಯ ಔಷಧದ ಪೆಟ್ಟಿಗೆಯನ್ನು ಸೇರಿದೆ.

ವೈ-ಫೈ ಮುಖ್ಯವಾಗಿ ಎರಡು ಪಟ್ಟಿಗಳಲ್ಲಿ ಸಂಚರಿಸುತ್ತದೆ. 2.4 ಗಿಗಾಹರ್ಟ್ಸ್ ಅಲೆ ಗೋಡೆಯನ್ನು ತಕ್ಕಮಟ್ಟಿಗೆ ದಾಟಬಲ್ಲುದು. ಆದರೆ ಒಂದರ ಮೇಲೊಂದು ಬೀಳದ ಮಾರ್ಗಗಳು ಅಲ್ಲಿ ಮೂರೇ. ಒಂದೊಂದು ಮಹಡಿಯಲ್ಲೂ ನಾಲ್ಕಾರು ರೂಟರುಗಳಿರುವ ಕಟ್ಟಡದಲ್ಲಿ ಅದು ಸಂಜೆಯ ಥಾಣೆ ನಿಲ್ದಾಣದಂತೆ. ಅಡಿಗೆಮನೆಯ ಮೈಕ್ರೋವೇವ್ ಒಲೆಯ ಗದ್ದಲವೂ ಅದೇ ಪಟ್ಟಿಯಲ್ಲಿ. 5 ಗಿಗಾಹರ್ಟ್ಸ್ ವಿಶಾಲವಾದುದು, ವೇಗವಾದುದು. ಆದರೆ ಕಾಂಕ್ರೀಟಿಗೆ ಬೇಗ ಸೋಲುತ್ತದೆ. ಹೊಸ ಗಗನಚುಂಬಿಗಳಲ್ಲಿ ಹಲವದರ ಒಳಗೋಡೆಗಳೂ ಇಟ್ಟಿಗೆಯವಲ್ಲ, ಅಲ್ಯೂಮಿನಿಯಂ ಅಚ್ಚಿನಲ್ಲಿ ಎರಕ ಹೊಯ್ದ ಕಬ್ಬಿಣಸಹಿತ ಕಾಂಕ್ರೀಟಿನವು. ಆದಕಾರಣ ಎರಡೂ ಪಟ್ಟಿಗಳನ್ನು ಬಲ್ಲ ಅಡಾಪ್ಟರನ್ನೇ ಕೊಳ್ಳಬೇಕು. ಒಂದೇ ಪಟ್ಟಿಯದು ಅಗ್ಗವೆಂದು ತರುವುದು ಸುಳ್ಳು ಉಳಿತಾಯ.

ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿಗಳಿಗೆ ಮರುಳಾಗಬಾರದು. 1300 ಎಂದು ಅಚ್ಚಾಗಿದ್ದರೆ ಅದು ಬಹುಮಟ್ಟಿಗೆ ಎರಡು ಪಟ್ಟಿಗಳ ಆದರ್ಶ ವೇಗಗಳ ಮೊತ್ತ. ಸೆಕೆಂಡಿಗೆ 480 ಮೆಗಾಬಿಟ್ ಮೀರದ ಹಳೆಯ ಯು.ಎಸ್.ಬಿ. 2.0 ಕಿಂಡಿಗೆ ಅದನ್ನು ಸಿಕ್ಕಿಸಿದರೆ ಉಳಿದದ್ದು ಕಾಗದದ ಮೇಲಷ್ಟೇ. ವೈದ್ಯರೊಡನೆ ಮಾತನಾಡಲು ಬೇಕಾದುದು ಕೆಲವೇ ಮೆಗಾಬಿಟ್. ಬೇಕಾದುದು ವೇಗವಲ್ಲ, ಸ್ಥಿರತೆ.

ಸ್ಥಿರತೆ ಬರುವುದು ಆಂಟೆನಾದಿಂದ. ಉಗುರುಗಾತ್ರದ ಅಡಾಪ್ಟರಿನಲ್ಲಿ ಆಂಟೆನಾಕ್ಕೆ ಜಾಗವಿಲ್ಲ. ಮೇಲಾಗಿ ಅದು ಗಣಕದ ತಗಡಿನ ಡಬ್ಬಿಯ ಮರೆಯಲ್ಲಿ, ಎಷ್ಟೋ ಮನೆಗಳಲ್ಲಿ ಉಕ್ಕಿನ ಬೀರುವಿನ ಪಕ್ಕದಲ್ಲಿ ಅಡಗಿರುತ್ತದೆ. ಯು.ಎಸ್.ಬಿ. 3.0 ಕಿಂಡಿಯ ವಿದ್ಯುತ್ ಗದ್ದಲ 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಕದಡುತ್ತದೆಂಬುದನ್ನು ಇಂಟೆಲ್ ಸಂಸ್ಥೆಯೇ 2012ರಲ್ಲಿ ವಿವರಿಸಿತ್ತು. ಒಂದು ಮೀಟರಿನ ವಿಸ್ತರಣಾ ಕೇಬಲ್ಲಿನಿಂದ ಅಡಾಪ್ಟರನ್ನು ಮೇಜಿನ ಮೇಲಕ್ಕೆ ತಂದರೆ ಎಷ್ಟೋ ವೇಳೆ ರೋಗವೇ ವಾಸಿಯಾಗುತ್ತದೆ. ಡೆಸ್ಕ್‌ಟಾಪ್ ತೆರೆಯಬಲ್ಲವರು ಸಿಕ್ಕರೆ, ಆಂಟೆನಾಗಳನ್ನು ಕೇಬಲ್ ಮೂಲಕ ಹೊರಗಿಡುವ ಪಿ.ಸಿ.ಐ.ಇ. ಕಾರ್ಡು ಇನ್ನೂ ಲೇಸು. ರೂಟರ್ ಅದೇ ಕೋಣೆಯಲ್ಲಿದ್ದರಂತೂ ಯಾವ ಅಡಾಪ್ಟರೂ ಬೇಡ. ಒಂದು ತಂತಿ ಸಾಕು.

ಇನ್ನು ಡ್ರೈವರ್ ಎಂಬ ತಂತ್ರಾಂಶದ ಮಾತು. ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆದ್ದರಿಂದ ವಿಂಡೋಸ್ 11ಕ್ಕೆ, ಲಿನಕ್ಸ್ ಬಳಸುವವರು ಅದಕ್ಕೆ, ಅಡಾಪ್ಟರ್ ಹೊಂದುತ್ತದೆಯೇ ಎಂದು ತಯಾರಕರ ಪಟ್ಟಿಯಲ್ಲಿ ನೋಡತಕ್ಕದ್ದು. ಭದ್ರತೆಗೆ 2018ರಲ್ಲಿ ಬಂದ ಡಬ್ಲ್ಯು.ಪಿ.ಎ.3 ಇದ್ದರೆ ಉತ್ತಮ.

ಈ ಅಲೆಗಳಿಂದ ಆರೋಗ್ಯಕ್ಕೆ ಹಾನಿಯಿಲ್ಲವೇ ಎಂಬ ಅಳುಕು ಹಿರಿಯರಲ್ಲಿ ಸಹಜ. ಇವು ಕ್ಷಕಿರಣಗಳಂತೆ ಅಣುಗಳನ್ನು ಅಯಾನೀಕರಿಸುವ ಜಾತಿಯವಲ್ಲ. ಅಡಾಪ್ಟರಿನ ಶಕ್ತಿ ಸಾಮಾನ್ಯವಾಗಿ ಒಂದು ವಾಟಿನ ಹತ್ತನೆಯ ಒಂದು ಭಾಗದ ಆಸುಪಾಸು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2011ರಲ್ಲಿ ರೇಡಿಯೋ ಅಲೆಗಳನ್ನು '2ಬಿ' ವರ್ಗಕ್ಕೆ, ಅಂದರೆ ಸೀಮಿತ ಪುರಾವೆಯಿಂದ 'ಸಾಧ್ಯತೆ' ಎನ್ನುವಷ್ಟಕ್ಕೆ, ಸೇರಿಸಿತು. ಏಷ್ಯಾದ ಸಾಂಪ್ರದಾಯಿಕ ಉಪ್ಪಿನಲ್ಲಿಟ್ಟ ತರಕಾರಿಯೂ ಅದೇ ವರ್ಗದಲ್ಲಿದೆ! ಪೇಸ್‌ಮೇಕರ್ ಇರುವವರು ಮಾತ್ರ ಸಾಧನವನ್ನು ಎದೆಯಿಂದ ಗೇಣುದ್ದವಾದರೂ ದೂರವಿಟ್ಟು ತಮ್ಮ ವೈದ್ಯರ ಸಲಹೆಯಂತೆ ನಡೆಯುವುದು ಕ್ಷೇಮ.

ಕೊಳ್ಳಲು ದಾದರಿನಲ್ಲಿ ರೈಲು ಬದಲಿಸಿ ಗ್ರಾಂಟ್ ರೋಡಿನಲ್ಲಿಳಿದು ಲ್ಯಾಮಿಂಗ್ಟನ್ ರಸ್ತೆಗೆ ಹೋಗುವವರು ಈಗಲೂ ಉಂಟು. ಎಲ್ಲಿಯೇ ಕೊಳ್ಳಲಿ, ರಸೀದಿ ಪಡೆದು, ಹಿಂದಿರುಗಿಸುವ ಅವಧಿಯನ್ನು ಬರೆಯಿಸಿಕೊಳ್ಳಬೇಕು. ಪರೀಕ್ಷೆಯನ್ನು ಮಧ್ಯಾಹ್ನ ಹಜಾರದಲ್ಲಿ ಮಾಡದೆ, ಅಕ್ಕಪಕ್ಕದ ಮನೆಗಳೆಲ್ಲ ಇಂಟರ್‌ನೆಟ್ಟಿನಲ್ಲಿ ಮುಳುಗಿರುವ ರಾತ್ರಿ ಒಂಬತ್ತಕ್ಕೆ, ಬಾಗಿಲು ಮುಚ್ಚಿದ ಒಳಕೋಣೆಯಲ್ಲಿ, ಊರಿನ ಯಾರಿಗಾದರೂ ವೀಡಿಯೋ ಕರೆ ಮಾಡಿ ಅರ್ಧ ತಾಸು ನಡೆಸಬೇಕು.