ಎರಡು ಕುರ್ಚಿ, ಒಬ್ಬ ಕಂಟ್ರೋಲರ್

2022ರ ಜನವರಿ 7ರ ಬೆಳಿಗ್ಗೆ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಇಂಡಿಗೊದ ಎರಡು ವಿಮಾನಗಳು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಮೇಲೆದ್ದವು. ಒಂದು ಕೋಲ್ಕತ್ತಕ್ಕೆ, ಇನ್ನೊಂದು ಭುವನೇಶ್ವರಕ್ಕೆ. ಎರಡರಲ್ಲೂ ಸೇರಿ 426 ಜನ. ಅಂದು ಉತ್ತರದ ರನ್‌ವೇ ಏರುವುದಕ್ಕೆ, ದಕ್ಷಿಣದ ರನ್‌ವೇ ಇಳಿಯುವುದಕ್ಕೆ ಎಂದು ವ್ಯವಸ್ಥೆಯಾಗಿತ್ತು. ನಡುವೆ ಪಾಳಿಯ ಉಸ್ತುವಾರಿ ಹೊತ್ತವರು ದಕ್ಷಿಣದ್ದನ್ನು ನಿಲ್ಲಿಸಿ ಒಂದೇ ರನ್‌ವೇಯಲ್ಲಿ ಕೆಲಸ ನಡೆಸಲು ತೀರ್ಮಾನಿಸಿದರು. ಆ ಮಾತು ದಕ್ಷಿಣ ಟವರ್‌ನ ಕಂಟ್ರೋಲರ್‌ಗೆ ಮುಟ್ಟಲೇ ಇಲ್ಲ. ಹೀಗಾಗಿ ಅಕ್ಕಪಕ್ಕದ ಎರಡು ರನ್‌ವೇಗಳಿಂದಲೂ ಟೇಕಾಫ್‌ಗೆ ಅನುಮತಿ ಹೋಯಿತು. ಸುಮಾರು 3,000 ಅಡಿ ಎತ್ತರದಲ್ಲಿ ವಿಮಾನಗಳು ಒಂದರತ್ತ ಒಂದು ಸಾಗುತ್ತಿದ್ದುದನ್ನು ರಾಡಾರ್ ಪರದೆಯ ಮೇಲೆ ಕಂಡ ಅಪ್ರೋಚ್ ಕಂಟ್ರೋಲರ್ ಒಬ್ಬರು ತಕ್ಷಣ ಎರಡನ್ನೂ ಬೇರೆ ಬೇರೆ ದಿಕ್ಕಿಗೆ ತಿರುಗಿಸಿದರು.

ಈ ಘಟನೆಯಲ್ಲಿ ಎಡವಿದವರೂ ವಾಯು ಸಂಚಾರ ನಿಯಂತ್ರಕರೇ, ಉಳಿಸಿದವರೂ ಅವರೇ. ಟವರ್‌ನ ಕಣ್ಣಿಗೆ ತಪ್ಪಿದ್ದು ರಾಡಾರ್ ಕೋಣೆಯ ಕಣ್ಣಿಗೆ ಬಿತ್ತು. ವಾಯು ಸಂಚಾರ ನಿಯಂತ್ರಣ ನಿಂತಿರುವುದೇ ಈ ಎರಡನೇ ಕಣ್ಣಿನ ಮೇಲೆ.

ಆದ್ದರಿಂದಲೇ ಅಲ್ಲಿ ಕೆಲಸವನ್ನು ಹಂಚಿರುತ್ತಾರೆ. ನಿಲುಗಡೆಯಿಂದ ರನ್‌ವೇ ಅಂಚಿನವರೆಗೆ ವಿಮಾನ ಗ್ರೌಂಡ್ ಕಂಟ್ರೋಲರ್ ಮಾತು ಕೇಳುತ್ತದೆ. ರನ್‌ವೇ ಮೇಲೆ ಟವರ್‌ನವರ ಮಾತು. ಏರಿದ ಮೇಲೆ ಅಪ್ರೋಚ್‌ನವರದು. ಆಮೇಲೆ ನೂರಾರು ಮೈಲಿ ವ್ಯಾಪ್ತಿಯ ಏರಿಯಾ ಕಂಟ್ರೋಲ್. ಜನ ಸಾಲದಾದಾಗ ಯಾವ ಕುರ್ಚಿಯ ಮೇಲೂ 'ಖಾಲಿ' ಎಂಬ ಫಲಕ ತೂಗುವುದಿಲ್ಲ. ಎರಡು ಕುರ್ಚಿಯ ಕೆಲಸ ಒಬ್ಬರ ಪಾಲಿಗೆ ಬರುತ್ತದೆ, ಅಷ್ಟೆ. ಮದುವೆ ಮನೆಯಲ್ಲಿ ಪಂಕ್ತಿಗೆ ಬಡಿಸುವವನೇ ಒಲೆಯ ಮೇಲಿನ ಪಾಯಸವನ್ನೂ ನೋಡಿಕೊಂಡ ಹಾಗೆ. ಬಹಳ ದಿನ ಏನೂ ಆಗುವುದಿಲ್ಲ.

ಏನಾದರೂ ಆದಾಗ ಅದು ಹೇಗಿರುತ್ತದೆ ಎಂಬುದಕ್ಕೆ 2002ರ ಜುಲೈ 1ರ ರಾತ್ರಿಯೇ ಸಾಕ್ಷಿ. ದಕ್ಷಿಣ ಜರ್ಮನಿಯ ಊಬರ್‌ಲಿಂಗೆನ್ ಪಟ್ಟಣದ ಮೇಲಿನ ಆಕಾಶವನ್ನು ಸ್ವಿಟ್ಜರ್‌ಲೆಂಡಿನ ಜ್ಯೂರಿಕ್ ಕೇಂದ್ರ ನೋಡಿಕೊಳ್ಳುತ್ತಿತ್ತು. ಪಾಳಿಯಲ್ಲಿ ಇಬ್ಬರು. ರಾತ್ರಿ ಸಂಚಾರ ಕಡಿಮೆ ಎಂದು ಒಬ್ಬರು ವಿಶ್ರಾಂತಿಗೆ ಹೋದರು. ನಿಯಮದಲ್ಲಿ ಇಲ್ಲದ ಈ ರೂಢಿ ಅಲ್ಲಿ ಬಹಳ ಕಾಲದಿಂದ ಇತ್ತು, ಮೇಲಿನವರಿಗೂ ಗೊತ್ತಿತ್ತು. ಉಳಿದ ಒಬ್ಬರು ಎರಡು ಪರದೆಗಳ ನಡುವೆ ಓಡಾಡಬೇಕಿತ್ತು. ಅದೇ ರಾತ್ರಿ ದುರಸ್ತಿಗಾಗಿ ಮುಖ್ಯ ಟೆಲಿಫೋನ್ ವ್ಯವಸ್ಥೆಯನ್ನು ನಿಲ್ಲಿಸಿದ್ದರು, ಬದಲಿ ಲೈನೂ ಕೆಟ್ಟಿತ್ತು. ವಿಮಾನಗಳು ಹತ್ತಿರ ಬಂದಾಗ ಪರದೆಯ ಮೇಲೆ ಮಿನುಗಬೇಕಾದ ಎಚ್ಚರಿಕೆಯೂ ಆಗ ಕೆಲಸ ಮಾಡುತ್ತಿರಲಿಲ್ಲ. ತಡವಾಗಿ ಬಂದ ಒಂದು ಏರ್‌ಬಸ್ಸನ್ನು ಪಕ್ಕದ ಫ್ರೀಡ್ರಿಕ್ಸ್‌ಹಾಫೆನ್‌ನಲ್ಲಿ ಇಳಿಸುವುದಕ್ಕಾಗಿ ಅವರು ಮತ್ತೆ ಮತ್ತೆ ಫೋನ್ ಮಾಡಲು ಹೆಣಗುತ್ತಿದ್ದರು. ಅಷ್ಟರಲ್ಲಿ ಇನ್ನೊಂದು ಪರದೆಯಲ್ಲಿ, 36,000 ಅಡಿ ಎತ್ತರದಲ್ಲಿ, ಬಾರ್ಸಿಲೋನಾಕ್ಕೆ ಹೊರಟಿದ್ದ ರಷ್ಯಾದ ಟುಪೊಲೆವ್ ವಿಮಾನವೂ ಡಿಎಚ್‌ಎಲ್‌ನ ಸರಕು ವಿಮಾನವೂ ಅಡ್ಡಹಾಯುವ ದಾರಿಯಲ್ಲಿದ್ದವು.

ಪಕ್ಕದ ಕಾರ್ಲ್ಸ್‌ರೂಹ ಕೇಂದ್ರದವರು ಅಪಾಯ ಕಂಡು ಫೋನ್ ಮಾಡಿದರೂ ಕರೆ ಸೇರಲಿಲ್ಲ. ಜ್ಯೂರಿಕ್‌ನ ಕಂಟ್ರೋಲರ್ ನೋಡಿದಾಗ ಉಳಿದಿದ್ದು ಒಂದು ನಿಮಿಷಕ್ಕಿಂತ ಕಡಿಮೆ. ಅವರು ಟುಪೊಲೆವ್‌ಗೆ ಕೆಳಗಿಳಿಯಲು ಹೇಳಿದರು. ಆ ವಿಮಾನದೊಳಗಿನ ಡಿಕ್ಕಿ ತಡೆ ಯಂತ್ರ ಮೇಲೇರಲು ಹೇಳಿತು. ಪೈಲಟ್ ಮನುಷ್ಯನ ಮಾತು ಕೇಳಿದರು. ಡಿಎಚ್‌ಎಲ್ ಪೈಲಟ್‌ಗಳು ಯಂತ್ರದ ಮಾತು ಕೇಳಿ ಅವರೂ ಕೆಳಗಿಳಿದರು. 71 ಮಂದಿ ಸತ್ತರು, ಹೆಚ್ಚಿನವರು ರಜೆಗೆ ಹೊರಟಿದ್ದ ಶಾಲಾ ಮಕ್ಕಳು. 2007ರಲ್ಲಿ ಸ್ವಿಸ್ ನ್ಯಾಯಾಲಯ ಶಿಕ್ಷೆ ವಿಧಿಸಿದ್ದು ಜ್ಯೂರಿಕ್ ಕೇಂದ್ರವನ್ನು ನಡೆಸುತ್ತಿದ್ದ ಸಂಸ್ಥೆಯ ನಾಲ್ವರು ವ್ಯವಸ್ಥಾಪಕರಿಗೆ. ಕಂಟ್ರೋಲರ್ ಮಾತ್ರ ಆ ಹೊತ್ತಿಗೆ ಬದುಕಿರಲಿಲ್ಲ. 2004ರಲ್ಲಿ, ಹೆಂಡತಿ ಮಕ್ಕಳನ್ನು ಕಳೆದುಕೊಂಡ ತಂದೆಯೊಬ್ಬ ಅವರ ಮನೆಬಾಗಿಲಲ್ಲೇ ಇರಿದು ಕೊಂದಿದ್ದ.

2025ರ ಜನವರಿ 29ರ ರಾತ್ರಿ ವಾಷಿಂಗ್ಟನ್‌ನ ರೇಗನ್ ವಿಮಾನ ನಿಲ್ದಾಣದ ಬಳಿ ಪ್ರಯಾಣಿಕರ ಜೆಟ್ ಹಾಗೂ ಸೇನೆಯ ಬ್ಲ್ಯಾಕ್ ಹಾಕ್ ಹೆಲಿಕಾಪ್ಟರ್ ಡಿಕ್ಕಿಯಾಗಿ 67 ಜನ ಸತ್ತಾಗ ಹೊರಬಂದ ಮೊದಲ ಸುದ್ದಿಗಳಲ್ಲೂ ಎರಡು ಕುರ್ಚಿಗೆ ಒಬ್ಬರೆಂಬ ಇದೇ ಮಾತಿತ್ತು. ಹೆಲಿಕಾಪ್ಟರ್‌ಗಳನ್ನು ನೋಡುವ ಕುರ್ಚಿ ಸಾಮಾನ್ಯವಾಗಿ ರಾತ್ರಿ 9.30ರವರೆಗೆ ಬೇರೆಯೇ ಇರಬೇಕು. ಅಂದು ಅದನ್ನು ಬಹಳ ಮೊದಲೇ ವಿಮಾನಗಳ ಕುರ್ಚಿಯೊಂದಿಗೆ ಸೇರಿಸಲಾಗಿತ್ತು. ಡಿಕ್ಕಿಯಾದದ್ದು 9 ಗಂಟೆಗೂ ಮುನ್ನ.

ಹಾಗೆಂದು ಎಲ್ಲವನ್ನೂ ಜನರ ಕೊರತೆಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಹೆಲಿಕಾಪ್ಟರ್ ಮಾರ್ಗವನ್ನು ವಿಮಾನ ಇಳಿಯುವ ದಾರಿಗೆ ತೀರಾ ಹತ್ತಿರ ಹಾಕಲಾಗಿತ್ತು. ಆ ಬ್ಲ್ಯಾಕ್ ಹಾಕ್ 200 ಅಡಿಯ ಮಿತಿಗಿಂತ ಮೇಲೆ ಹಾರುತ್ತಿತ್ತು. 2021ರ ಅಕ್ಟೋಬರ್‌ನಿಂದ 2024ರ ಡಿಸೆಂಬರ್‌ವರೆಗೆ ಅಲ್ಲಿ ವಿಮಾನ ಮತ್ತು ಹೆಲಿಕಾಪ್ಟರ್ ಒಂದಕ್ಕೊಂದು ಹತ್ತಿರ ಬಂದ 15,214 ಪ್ರಸಂಗಗಳು ದಾಖಲಾಗಿದ್ದವು ಎಂದು ಅಮೆರಿಕದ ಅಪಘಾತ ತನಿಖಾ ಮಂಡಳಿ ಬಯಲಿಗೆಳೆಯಿತು. ಅಂಕಿ ಅಂಶ ಕಂಪ್ಯೂಟರ್‌ನಲ್ಲಿತ್ತು, ಅದನ್ನು ನೋಡಿ ಬೆಚ್ಚಬೇಕಾದವರು ನೋಡಿರಲಿಲ್ಲ. ಜನ ಕಡಿಮೆಯಾದಾಗ ಮೊದಲು ಬಲಿಯಾಗುವುದು ಇಂಥ, ಇವತ್ತೇ ಆಗಬೇಕಿಲ್ಲದ ಕೆಲಸವೇ.

ಕೊರತೆ ಇದ್ದರೆ ನೇಮಿಸಿಕೊಳ್ಳಬಾರದೇ? ಇಲ್ಲಿ ಅಮೆರಿಕದ ಕಥೆ ಕೇಳುವಂಥದ್ದು. 1981ರ ಆಗಸ್ಟ್‌ನಲ್ಲಿ ಮುಷ್ಕರ ಹೂಡಿದ 11,000ಕ್ಕೂ ಹೆಚ್ಚು ಕಂಟ್ರೋಲರ್‌ಗಳನ್ನು ಅಧ್ಯಕ್ಷ ರೇಗನ್ ಒಂದೇ ಏಟಿಗೆ ವಜಾ ಮಾಡಿದರು. (ವಾಷಿಂಗ್ಟನ್ ನಿಲ್ದಾಣಕ್ಕೆ ಮುಂದೆ ಅವರದೇ ಹೆಸರಿಟ್ಟದ್ದು ಇತಿಹಾಸದ ಕುಚೋದ್ಯ.) ಬದಲಿಗೆ ಬಂದವರೆಲ್ಲ ಹೆಚ್ಚುಕಡಿಮೆ ಒಟ್ಟಿಗೇ ಸೇರಿದವರು, ಕಾಲು ಶತಮಾನದ ನಂತರ ಒಟ್ಟಿಗೇ ನಿವೃತ್ತರಾಗತೊಡಗಿದರು. ಅಲ್ಲಿ 56ಕ್ಕೆ ನಿವೃತ್ತಿ ಕಡ್ಡಾಯ. 31 ತುಂಬುವ ಮೊದಲೇ ಸೇರಬೇಕು. ತರಬೇತಿ ಮುಗಿಸಿ ಒಂದು ಕೇಂದ್ರದಲ್ಲಿ ಸ್ವತಂತ್ರವಾಗಿ ಕೂರಲು ಎರಡು ಮೂರು ವರ್ಷ ಬೇಕು. 2020ರಲ್ಲಿ ಕೋವಿಡ್ ಕಾರಣಕ್ಕೆ ಒಕ್ಲಹೋಮಾದ ತರಬೇತಿ ಅಕಾಡೆಮಿಯೂ ಕೆಲಕಾಲ ಮುಚ್ಚಿತ್ತು. ಇಷ್ಟೆಲ್ಲ ಸೇರಿ, ಈಗ ಅಲ್ಲಿಗೆ ಸುಮಾರು 3,000 ಕಂಟ್ರೋಲರ್‌ಗಳು ಬೇಕಾಗಿದ್ದಾರೆ.

ಇರುವವರು ಹೆಚ್ಚು ಹೊತ್ತು ದುಡಿದು ಸರಿದೂಗಿಸುತ್ತಾರೆ. ಅದಕ್ಕೂ ಮಿತಿ ಇದೆ. 2011ರ ಮಾರ್ಚ್‌ನಲ್ಲಿ ಅದೇ ರೇಗನ್ ನಿಲ್ದಾಣದಲ್ಲಿ ನಡುರಾತ್ರಿ ಒಬ್ಬರೇ ಇದ್ದ ಕಂಟ್ರೋಲರ್ ನಿದ್ದೆಹೋದರು. ಎರಡು ವಿಮಾನಗಳು ಟವರ್‌ನ ಉತ್ತರವಿಲ್ಲದೆ ತಾವಾಗಿಯೇ ಇಳಿದವು. ಆಮೇಲೆ ರಾತ್ರಿಗೆ ಎರಡನೆಯವರನ್ನು ಹಾಕಿದರು. ಟೋಕಿಯೋದ ಹನೇಡಾದಲ್ಲಿ 2024ರ ಜನವರಿ 2ರಂದು ಇಳಿಯುತ್ತಿದ್ದ ಜಪಾನ್ ಏರ್‌ಲೈನ್ಸ್ ವಿಮಾನ ಕರಾವಳಿ ಕಾವಲು ಪಡೆಯ ವಿಮಾನಕ್ಕೆ ಅಪ್ಪಳಿಸಿತು. ಕಾವಲು ಪಡೆಯ ಐವರು ಸತ್ತರು. ರನ್‌ವೇ ಮೇಲೆ ಇನ್ನೊಂದು ವಿಮಾನವಿದೆ ಎಂದು ಪರದೆ ಬಣ್ಣ ಬದಲಿಸಿ ಸೂಚಿಸಿತ್ತು, ಕಂಟ್ರೋಲರ್ ಗಮನಿಸಿರಲಿಲ್ಲ. ಕೆಲವೇ ದಿನಗಳಲ್ಲಿ ಜಪಾನ್ ಆ ಪರದೆಯನ್ನು ನೋಡುವುದಕ್ಕೆಂದೇ ಒಬ್ಬರನ್ನು ಕೂರಿಸಿತು. ಎರಡೂ ಕಡೆ ಆಮೇಲೆ ಕೂರಿಸಿದವರನ್ನು ಮೊದಲೇ ಕೂರಿಸಬಹುದಿತ್ತು.

ಭಾರತದ ಆಕಾಶ ಈಗ ವೇಗವಾಗಿ ತುಂಬುತ್ತಿದೆ. 2023ರಲ್ಲಿ ಏರ್ ಇಂಡಿಯಾ 470, ಇಂಡಿಗೊ 500 ವಿಮಾನಗಳಿಗೆ ಆರ್ಡರ್ ಕೊಟ್ಟವು. ಶಿವಮೊಗ್ಗದಿಂದ ನವಿ ಮುಂಬೈವರೆಗೆ ಹೊಸ ನಿಲ್ದಾಣಗಳು ತೆರೆದಿವೆ, ಅಲ್ಲೆಲ್ಲ ಕಂಟ್ರೋಲರ್‌ಗಳು ಬೇಕು. 2025ರ ಆಗಸ್ಟ್‌ನಲ್ಲಿ ಸಂಸದೀಯ ಸಮಿತಿ ಕಂಟ್ರೋಲರ್‌ಗಳ ಕೊರತೆ ಮತ್ತು ದಣಿವಿನ ಬಗ್ಗೆ ಕಳವಳ ವ್ಯಕ್ತಪಡಿಸಿತು. ಅವರ ಮೇಲೆ ಕಣ್ಣಿಡಬೇಕಾದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದಲ್ಲೇ (ಡಿಜಿಸಿಎ) ಅರ್ಧದಷ್ಟು ಹುದ್ದೆ ಖಾಲಿ ಎಂದೂ ತೋರಿಸಿತು. ಅದೇ ವರ್ಷದ ನವೆಂಬರ್‌ನಲ್ಲಿ ದೆಹಲಿಯಲ್ಲಿ ಸಂದೇಶ ರವಾನಿಸುವ ಕಂಪ್ಯೂಟರ್ ವ್ಯವಸ್ಥೆ ಕೈಕೊಟ್ಟಾಗ ಕಂಟ್ರೋಲರ್‌ಗಳು ಹಾರಾಟದ ಯೋಜನೆಗಳನ್ನು ಕೈಯಲ್ಲೇ ಸಿದ್ಧಪಡಿಸಬೇಕಾಯಿತು. 800ಕ್ಕೂ ಹೆಚ್ಚು ವಿಮಾನಗಳು ತಡವಾದವು, ಪ್ರಯಾಣಿಕರು ರೇಗಿದರು. ಆದರೆ ಆ ತಡವೇ ಸರಿಯಾದ ಕ್ರಮ. ಅದೇ ತಿಂಗಳು ಸರ್ಕಾರದ ವೆಚ್ಚಕ್ಕೆ ಅನುಮೋದನೆ ಸಿಗದೆ ಸಂಬಳವಿಲ್ಲದ ಕಂಟ್ರೋಲರ್‌ಗಳು ಗೈರಾಗತೊಡಗಿದಾಗ ಅಮೆರಿಕವೂ 40 ದೊಡ್ಡ ನಿಲ್ದಾಣಗಳಲ್ಲಿ ಹಾರಾಟಗಳನ್ನೇ ಕಡಿತಗೊಳಿಸಿತು. ಜನ ಕಡಿಮೆ ಇದ್ದರೆ ವಿಮಾನಗಳೂ ಕಡಿಮೆ ಇರಬೇಕು. ಕಂಪನಿಗಳ ವೇಳಾಪಟ್ಟಿ ಈ ಲೆಕ್ಕಕ್ಕೆ ತಲೆಬಾಗಲೇಬೇಕು.

ಯಾವ ಕೇಂದ್ರದಲ್ಲಿ ಎಷ್ಟು ಕಂಟ್ರೋಲರ್‌ಗಳಿದ್ದಾರೆ ಎಂಬುದನ್ನು ಅಮೆರಿಕದ ವಿಮಾನಯಾನ ಆಡಳಿತ ತನ್ನ ಸಿಬ್ಬಂದಿ ಯೋಜನೆಯಲ್ಲಿ ಪ್ರಕಟಿಸುತ್ತದೆ. ನಮ್ಮ ವಿಮಾನ ನಿಲ್ದಾಣ ಪ್ರಾಧಿಕಾರವೂ ಬೆಂಗಳೂರು, ಮಂಗಳೂರು, ಹುಬ್ಬಳ್ಳಿ ಸೇರಿ ಪ್ರತಿ ನಿಲ್ದಾಣಕ್ಕೆ ಎಷ್ಟು ಕಂಟ್ರೋಲರ್‌ಗಳು ಬೇಕು, ಎಷ್ಟು ಮಂದಿ ಇದ್ದಾರೆ ಎಂಬ ಪಟ್ಟಿಯನ್ನು ವರ್ಷಕ್ಕೊಮ್ಮೆ ಸಾರ್ವಜನಿಕರ ಮುಂದಿಡಬೇಕು. ಟಿಕೆಟ್ ಕೊಳ್ಳುವವರು ಅದನ್ನು ಕೇಳಿ ಪಡೆಯಬೇಕು.