ಶಾಲಾ ಕೈತೋಟದಲ್ಲಿ ತೂತುಬಿದ್ದ ಎಲೆ

ಬೋಧನಾಭ್ಯಾಸದ ಶಾಲೆಗಳ ಅಂಗಳದಲ್ಲಿ ಹೆಚ್ಚಾಗಿ ಕಾಣುವುದು ಕ್ರೋಟನ್, ಕಾಗದದ ಹೂ, ಲಂಟಾನ. ಇವೆಲ್ಲ ಹೊರನಾಡಿನಿಂದ ಬಂದ ಗಿಡಗಳು. ಲಂಟಾನದ ಹೂವಿಗೆ ಚಿಟ್ಟೆ ಬರುತ್ತದೆ, ನಿಜ. ಆದರೆ ಅದು ಮಕರಂದ ಹೀರಿ ಹೋಗುತ್ತದೆ. ಮೊಟ್ಟೆಯಿಡಲು ಬೇರೆ ಗಿಡವೇ ಬೇಕು.

ಇದಕ್ಕೆ ಕಾರಣ ಎಲೆಯಲ್ಲಿದೆ. ಕೀಟಗಳನ್ನು ದೂರವಿಡಲು ಗಿಡಗಳು ಎಲೆಯಲ್ಲಿ ರಾಸಾಯನಿಕಗಳನ್ನು ತುಂಬಿಕೊಳ್ಳುತ್ತವೆ. ಬಹುಕಾಲ ಆ ಗಿಡದ ಜೊತೆಗೇ ಬಾಳಿದ ಕೀಟಗಳು ಅವನ್ನು ಅರಗಿಸಿಕೊಳ್ಳಬಲ್ಲವು. ಎಕ್ಕದ ಹಾಲು ವಿಷ. ಆದರೂ ಪ್ಲೇನ್ ಟೈಗರ್ ಚಿಟ್ಟೆಯ ಮರಿಹುಳುವಿಗೆ ಅದರ ಎಲೆಯೇ ಊಟ. ಕಾಮನ್ ಮಾರ್ಮನ್ ಚಿಟ್ಟೆಗೆ ಕರಿಬೇವು ಆಗುತ್ತದೆ. ನಮ್ಮ ರಾಜ್ಯದ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್‌ನ ಮರಿ ಈಶ್ವರಿ ಬಳ್ಳಿ ಮತ್ತು ಅದರ ಹತ್ತಿರದ ಬಳ್ಳಿಗಳ ಮೇಲೆ ಬೆಳೆಯುತ್ತದೆ. ಮರಿಹುಳುಗಳಿದ್ದರೆ, ಅವನ್ನು ಮರಿಗಳಿಗೆ ಉಣಿಸುವ ಪಿಕಳಾರವೂ ಬರುತ್ತದೆ.

ಪಾಠಕ್ಕೆ ಕುಂಡದಲ್ಲಿ ಒಂದು ಕರಿಬೇವಿನ ಗಿಡ ಸಾಕು. ಎಳೆಯ ಹುಳು ಹಕ್ಕಿಯ ಹಿಕ್ಕೆಯಂತೆ, ಬಲಿತದ್ದು ಎಲೆಯಂತೆ ಹಸಿರಾಗಿ ಕಾಣುತ್ತದೆ. ಏಕೆಂದು ನೀವು ಹೇಳಬೇಡಿ, ಮಕ್ಕಳನ್ನೇ ಕೇಳಿ. ದಿನಾಂಕ, ಉದ್ದ, ಬಣ್ಣವನ್ನು ಅವರೇ ಬರೆದಿಡಲಿ. ಮೊಟ್ಟೆ ಚಿಟ್ಟೆಯಾಗಲು ಸುಮಾರು ಒಂದು ತಿಂಗಳು ಬೇಕು. ಒಂದು ಅವಧಿಯ ಪಾಠಯೋಜನೆಗೆ ಇದು ಹಿಡಿಸದು. ಆದ್ದರಿಂದ ತರಗತಿಯ ಶಿಕ್ಷಕರನ್ನು ಮೊದಲೇ ಜೊತೆಗೂಡಿಸಿಕೊಳ್ಳಿ. ಎಕ್ಕದ ಹಾಲು ಕಣ್ಣಿಗೆ ಅಪಾಯ. ಮಕ್ಕಳು ಅದನ್ನು ಕೀಳದಂತೆ ನೋಡಿಕೊಳ್ಳಿ.

ಪಾಠ ವೀಕ್ಷಿಸುವ ಮಾರ್ಗದರ್ಶಕರಲ್ಲಿ ಒಂದು ವಿನಂತಿ: ಗಿಡದ ಎಲೆಗಳು ತೂತಾಗಿದ್ದರೆ ನಿರ್ಲಕ್ಷ್ಯವೆಂದು ಅಂಕ ಕಳೆಯಬೇಡಿ, ಔಷಧಿ ಹೊಡೆಸಬೇಡಿ. ಹುಳು ಸತ್ತರೆ ಪಾಠವೂ ಅಲ್ಲಿಗೇ ಮುಗಿಯುತ್ತದೆ.