ಹಳತೆಂದು ಬದಿಗೆ ಸರಿಸಿದ ಹಾಡಿನ ಪರವಾಗಿ

ಕಂಪನಿ ನಾಟಕದ ಹಾಡೆಂದರೆ ಪ್ರಾಣ ಎಂದು ಯಾರಾದರೂ ಹೇಳಿದರೆ ಕೇಳಿದವರು ನಗುತ್ತಾರೆ, ಇಲ್ಲವೇ ‘ಹಳೇ ಕಾಲದವರು’ ಎಂದುಕೊಂಡು ಸುಮ್ಮನಾಗುತ್ತಾರೆ. ಶಾಸ್ತ್ರೀಯ ಸಂಗೀತಕ್ಕಿರುವ ಗೌರವ ಈ ಹಾಡುಗಳಿಗಿಲ್ಲ, ಭಾವಗೀತೆಗೆ ಮನೆಮನೆಗಳಲ್ಲಿ ಸಿಕ್ಕ ಜಾಗವೂ ಇಲ್ಲ, ಜಾನಪದಕ್ಕೆ ವಿಶ್ವವಿದ್ಯಾಲಯಗಳು ಕೊಟ್ಟ ಆಸರೆಯೂ ಇಲ್ಲ. ಆರೋಪಗಳು ಮಾತ್ರ ಸಿದ್ಧವಾಗಿವೆ: ಅದು ಬರೀ ಕಿರುಚಾಟ, ಹಾರ್ಮೋನಿಯಂ ಅಬ್ಬರ, ಮಟ್ಟುಗಳೆಲ್ಲ ಎರವಲು, ಸಾಯುವವನೂ ಹಾಡಿಯೇ ಸಾಯುತ್ತಾನೆ. ಹೀಗಾಗಿ ಈ ಹಾಡುಗಳನ್ನು ಮೆಚ್ಚುವವರಲ್ಲಿ ಅನೇಕರು ಮೆಚ್ಚುಗೆಯನ್ನು ಅರ್ಧ ನುಂಗಿಕೊಂಡೇ ಮಾತಾಡುತ್ತಾರೆ. ಹಾಗೆ ನುಂಗಿಕೊಳ್ಳುವ ಅಗತ್ಯವಿಲ್ಲ ಎನ್ನುವುದು ನನ್ನ ವಾದ. ರಂಗಗೀತೆಯ ದೋಷವೆಂದು ನಾವು ಎಣಿಸುವ ಬಹುಪಾಲು ಸಂಗತಿಗಳು ಆ ಸಂಗೀತ ಹುಟ್ಟಿದ ಜಾಗದ, ಅದು ಮಾಡಬೇಕಿದ್ದ ಕೆಲಸದ ಗುರುತುಗಳು. ಆ ಜಾಗ ಹೋಯಿತು, ಕೇಳುವ ಕಿವಿ ಬದಲಾಯಿತು, ದೋಷದ ಹೆಸರು ಮಾತ್ರ ಹಾಡಿಗೆ ಅಂಟಿಕೊಂಡಿತು.

ಈಗ ಹಳತೆನಿಸಿಕೊಂಡಿರುವ ಈ ಸಂಗೀತ ತನ್ನ ಕಾಲದ ಅತಿ ಹೊಸ ಫ್ಯಾಷನ್ ಆಗಿತ್ತು ಎನ್ನುವುದನ್ನು ಮೊದಲು ನೆನೆಯಬೇಕು. 1870ರ ದಶಕದಲ್ಲಿ ಗದುಗಿನಲ್ಲಿ ಶಾಂತಕವಿಗಳು ಕನ್ನಡ ನಾಟಕ ಮಂಡಳಿ ಕಟ್ಟಿದರು. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಪುಣೆಯಲ್ಲಿ ‘ಸಂಗೀತ ಶಾಕುಂತಲ’ ಆಡಿದಾಗ ಮರಾಠಿ ನಾಟಕದ ದಿಕ್ಕೇ ತಿರುಗಿತು, ಅದರ ಗಾಳಿ ಉತ್ತರ ಕರ್ನಾಟಕಕ್ಕೂ ಬೀಸಿತು. ಮೈಸೂರಿನಲ್ಲಿ ಚಾಮರಾಜ ಒಡೆಯರ ಆಶ್ರಯದಲ್ಲಿ ಅರಮನೆಯ ನಾಟಕ ಸಭೆ ಬೆಳೆಯಿತು, ಬಸವಪ್ಪ ಶಾಸ್ತ್ರಿಗಳ ಶಾಕುಂತಲ ರಂಗಕ್ಕೆ ಬಂತು. 1884ರಲ್ಲಿ ಗುಬ್ಬಿ ಕಂಪನಿ ಹುಟ್ಟಿತು. ಮುಂಬಯಿ ಕಡೆಯಿಂದ ಬಂದ ಪಾರ್ಸಿ ಕಂಪನಿಗಳು ಪರದೆ, ದೀಪ, ದೃಶ್ಯಗಳ ಜೊತೆಗೆ ಹೊಸ ಧಾಟಿಗಳನ್ನೂ ತಂದವು. ಕರ್ನಾಟಕ ಸಂಗೀತದ ರಾಗ, ಹಿಂದೂಸ್ತಾನಿ ಚೀಜು, ಲಾವಣಿಯ ಲಯ, ಪಾರ್ಸಿ ಧಾಟಿ ಎಲ್ಲ ಒಂದೇ ರಾತ್ರಿಯ ಒಂದೇ ಆಟದಲ್ಲಿ ಸೇರಿದ್ದು ಆಗ. ರಾಜನ ದರ್ಬಾರಿನಲ್ಲೋ ದೇವಸ್ಥಾನದಲ್ಲೋ ಆಹ್ವಾನಿತರಿಗಷ್ಟೇ ಸಿಗುತ್ತಿದ್ದ ರಾಗಗಳನ್ನು ಟಿಕೆಟ್ ಕೊಂಡ ಯಾರು ಬೇಕಾದರೂ ಕೇಳುವಂತಾಯಿತು. ವರದಾಚಾರ್ಯರಂಥ ನಟ-ಗಾಯಕರ ಹಾಡಿಗೆ ಜನ ‘ಒನ್ಸ್ ಮೋರ್’ ಎಂದು ಕೂಗಿದರೆ ಕಥೆ ಅಲ್ಲೇ ನಿಂತು ಹಾಡು ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಸಂಗೀತದ ಮೇಲೆ ಸಾಮಾನ್ಯ ಕೇಳುಗನಿಗೆ ಇಷ್ಟು ನೇರವಾದ ಅಧಿಕಾರ ಅದಕ್ಕೆ ಮುಂಚೆ ಇದ್ದಿರಲಾರದು.

ಕಿರುಚಾಟದ ಆರೋಪವನ್ನೇ ತೆಗೆದುಕೊಳ್ಳೋಣ, ಏಕೆಂದರೆ ಅದೇ ಎಲ್ಲಕ್ಕಿಂತ ಹೆಚ್ಚು ಕೇಳಿಬರುವುದು. ಊರಾಚೆಯ ಬಯಲಿನಲ್ಲಿ ತಗಡು, ತಟ್ಟಿ, ಬಟ್ಟೆಗಳಿಂದ ಎಬ್ಬಿಸಿದ ಥಿಯೇಟರು, ಎದುರಿಗೆ ಚಾಪೆಯಿಂದ ಹಿಡಿದು ಬೆಂಚಿನವರೆಗೆ ಕೂತ ಜನ, ಮೈಕ್ ಇಲ್ಲ. ಆಟ ರಾತ್ರಿಯಿಡೀ ನಡೆಯಬೇಕು, ಕೊನೆಯ ಸಾಲಿನವನಿಗೂ ಸ್ವರದ ಜೊತೆ ಸಾಹಿತ್ಯವೂ ತಲುಪಬೇಕು. ಅದಕ್ಕಾಗಿ ನಟ ಮೇಲಿನ ಶ್ರುತಿಯಲ್ಲಿ, ತೆರೆದ ಗಂಟಲಿನಲ್ಲಿ, ಅಕ್ಷರ ಅಕ್ಷರವನ್ನೂ ಬಿಡಿಸಿ ಹಾಡಿದ. ಗಂಡಸರೇ ಹೆಣ್ಣಿನ ಪಾತ್ರ ಮಾಡುತ್ತಿದ್ದುದರಿಂದ ಶ್ರುತಿ ಇನ್ನಷ್ಟು ಏರಿತು. ಸಾಲಿನ ಕೊನೆಯಲ್ಲಿ ಸರ್ರನೆ ಮೇಲೆ ಹೋಗಿ ಇಳಿಯುವ ತಾನಕ್ಕೂ ಕೆಲಸವಿತ್ತು: ತೂಕಡಿಸುವವನನ್ನು ಎಬ್ಬಿಸಿ, ಮುಂದಿನ ಮಾತಿಗೆ ಜನರನ್ನು ಸಜ್ಜುಗೊಳಿಸುವುದು. ಆಮೇಲೆ ಮೈಕ್, ರೇಡಿಯೋ, ಸಿನಿಮಾ ಬಂದವು. ಪಿಸುಮಾತಿನಷ್ಟು ಮೆಲ್ಲಗೆ ಹಾಡಿದರೂ ಸಾವಿರ ಜನಕ್ಕೆ ಕೇಳಿಸುವಂತಾದ ಮೇಲೆ ಇಂಪು ಎಂದರೆ ಮೆತ್ತನೆಯ ದನಿ ಎನ್ನುವ ಅಭ್ಯಾಸ ನಮ್ಮ ಕಿವಿಗೆ ಬೆಳೆಯಿತು. ಆ ಕಿವಿಯಲ್ಲಿ ಕೇಳಿದಾಗ ಹಳೆಯ ಗಂಟಲು ಅತಿಯೆನಿಸುವುದು ಸಹಜ. ಆದರೆ ಅದೇ ಗಂಟಲನ್ನು ನಾವು ಬೇರೆ ಕಡೆ ತಲೆಯ ಮೇಲೆ ಹೊತ್ತಿದ್ದೇವೆ. ಗುಬ್ಬಿ ಕಂಪನಿಯಲ್ಲಿ ಪಳಗಿದ ರಾಜ್‌ಕುಮಾರ್ 1974ರ ‘ಸಂಪತ್ತಿಗೆ ಸವಾಲ್’ ಚಿತ್ರದ ನಂತರ ತಮ್ಮ ಹಾಡುಗಳನ್ನು ತಾವೇ ಹಾಡತೊಡಗಿದರು. ಅವರ ಸ್ಪಷ್ಟ ಉಚ್ಚಾರ, ಅಂಜದೆ ಏರುವ ತಾರಸ್ಥಾಯಿ, ಹಾಡಿನೊಳಗೇ ಅಭಿನಯ ತುಂಬುವ ಕ್ರಮ ಕಂಪನಿ ನಾಟಕದ ಪಾಠಗಳು. ರಾಜ್ ಹಾಡಿಗೆ ಮನಸೋಲುವವರು ರಂಗಗೀತೆಯನ್ನು ಕಿರುಚಾಟ ಎನ್ನುವಾಗ ಅವರ ತಕರಾರು ದನಿಯ ಬಗ್ಗೆ ಇರಲಿಕ್ಕಿಲ್ಲ.

ಹಾರ್ಮೋನಿಯಂ ಕಥೆ ಇನ್ನೂ ಹೆಚ್ಚು ಕಲಿಸುತ್ತದೆ. ಪ್ಯಾರಿಸ್ಸಿನಲ್ಲಿ ಅಲೆಕ್ಸಾಂದ್ರ್ ದೆಬೇನ್ 1842ರಲ್ಲಿ ಈ ವಾದ್ಯಕ್ಕೆ ಪೇಟೆಂಟ್ ಪಡೆದ. ನೆಲದ ಮೇಲೆ ಕೂತು ಒಂದು ಕೈಯಲ್ಲಿ ತಿದಿ ಒತ್ತುತ್ತ ಇನ್ನೊಂದು ಕೈಯಲ್ಲಿ ನುಡಿಸುವ ರೂಪ ಮುಂದೆ ಕೋಲ್ಕತ್ತದಲ್ಲಿ ಸಿದ್ಧವಾಯಿತು. ನಮ್ಮ ನಾಟಕ ಕಂಪನಿಗಳು ಕಾಲಿನಿಂದ ತಿದಿ ತುಳಿಯುವ ದೊಡ್ಡ ಪೆಟ್ಟಿಗೆಯನ್ನೇ ನೆಚ್ಚಿಕೊಂಡವು. ಎರಡೂ ಕೈ ಬಿಡುವಾಗುತ್ತಿತ್ತು, ನಾದ ಇಡೀ ಥಿಯೇಟರಿಗೆ ತುಂಬುತ್ತಿತ್ತು, ನಟ ಶ್ರುತಿ ತಪ್ಪದಂತೆ ಆಸರೆಯೂ ಸಿಗುತ್ತಿತ್ತು. ಇಂಥ ವಾದ್ಯವನ್ನು ಆಕಾಶವಾಣಿ 1940ರ ಮಾರ್ಚ್ 1ರಿಂದ ನಿಷೇಧಿಸಿತು. ಅದರ ಸ್ವರಗಳು ಮೊದಲೇ ಗೊತ್ತುಮಾಡಿದ ಜಾಗದಲ್ಲಿ ನಿಂತುಬಿಟ್ಟಿವೆ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಲಾರವು, ಗಮಕ ಮೀಂಡುಗಳು ಅದರಲ್ಲಿ ಬಾರವು ಎನ್ನುವುದು ಕಾರಣ. ರವೀಂದ್ರನಾಥ ಠಾಕೂರರೂ ಹಾರ್ಮೋನಿಯಂ ವಿರೋಧಿಗಳ ಸಾಲಿನಲ್ಲಿದ್ದರು. ತಾಂತ್ರಿಕವಾಗಿ ಆ ಮಾತು ಸುಳ್ಳಲ್ಲ, ಅದನ್ನು ಒಪ್ಪಿಕೊಳ್ಳಲೇಬೇಕು. ಆದರೆ 1971ರಲ್ಲಿ ನಿಷೇಧ ಸಡಿಲವಾಗುವಾಗ ವಾದ್ಯವೇನೂ ಬದಲಾಗಿರಲಿಲ್ಲ. ಅದೇ ರೀಡು, ಅದೇ ಮನೆಗಳು, ಅದೇ ಮಿತಿ. ಅಷ್ಟು ಹೊತ್ತಿಗೆ ದೊಡ್ಡ ಖಯಾಲ್ ಗಾಯಕರು ಕಛೇರಿಗಳಲ್ಲಿ ಅದನ್ನು ಪಕ್ಕದಲ್ಲಿಟ್ಟುಕೊಂಡಾಗಿತ್ತು, ಬೆಳಗಾವಿಯ ರಾಮಭಾವು ಬಿಜಾಪುರೆಯವರಂಥ ವಾದಕರು ಮಿತಿಯೊಳಗೇ ಎಷ್ಟು ಸೂಕ್ಷ್ಮವಾಗಿ ನುಡಿಸಬಹುದೆಂದು ತೋರಿಸಿದ್ದರು. ಮೂರು ದಶಕ ಸಂಗೀತಕ್ಕೆ ಕಂಟಕ ಎನಿಸಿದ್ದು ಮತ್ತೆ ಬೇಕಾದದ್ದಾಯಿತು.

ಮಟ್ಟು ಎರವಲು ಎನ್ನುವ ಆಕ್ಷೇಪಕ್ಕೆ ನಾನು ಅರ್ಧ ತಲೆದೂಗುತ್ತೇನೆ. ಜನಪ್ರಿಯವಾದ ಒಂದು ಮರಾಠಿ ಅಥವಾ ಪಾರ್ಸಿ ಧಾಟಿಗೆ ಕನ್ನಡದ ಮಾತು ಹೊಂದಿಸುವುದು ಕಂಪನಿ ಕವಿಗಳ ನಿತ್ಯದ ಕೆಲಸವಾಗಿತ್ತು. ಹಾಗೆ ಬರೆದವುಗಳಲ್ಲಿ ಹ್ರಸ್ವವನ್ನು ಎಳೆದು, ಪದವನ್ನು ನಡುವೆ ಮುರಿದು, ಅರ್ಥವಿಲ್ಲದ ಸಂಬೋಧನೆಗಳನ್ನು ತುರುಕಿದ ಕೆಟ್ಟ ರಚನೆಗಳು ಬೇಕಾದಷ್ಟಿವೆ. ಅವುಗಳನ್ನು ಯಾರೂ ಪ್ರೀತಿಸಬೇಕಾಗಿಲ್ಲ. ಆದರೆ ಎರವಲು ಎನ್ನುವ ಒಂದೇ ಕಾರಣಕ್ಕೆ ತಳ್ಳಿಹಾಕುವುದಾದರೆ ಒಂದೇ ಧಾಟಿಯಲ್ಲಿ ಹತ್ತು ಪದ ಹಾಡುವ ನಮ್ಮ ತತ್ವಪದಕಾರರನ್ನೂ ಭಜನಾ ಮಂಡಳಿಗಳನ್ನೂ ತಳ್ಳಬೇಕಾಗುತ್ತದೆ. ಇನ್ನು, ನಾಟಕ ಹಾಡಿನ ಭಾರಕ್ಕೆ ಕುಸಿಯುತ್ತಿತ್ತು ಎನ್ನುವ ಟೀಕೆ ಸರಿಯಾದದ್ದೇ. ಕೈಲಾಸಂ ಕಂಪನಿ ನಾಟಕಗಳ ಈ ಅತಿಗೆ ಬೆನ್ನು ತಿರುಗಿಸಿ ಆಡುಮಾತಿನ ಗದ್ಯನಾಟಕ ಬರೆದರು, ಕನ್ನಡ ರಂಗಭೂಮಿಗೆ ಅದು ಬೇಕಿತ್ತು. ಅವರು ಕೂಡ ಹಾಡನ್ನು ಬಿಟ್ಟವರಲ್ಲ, ಅವರೇ ಕಟ್ಟಿದ ನಗೆಹಾಡುಗಳು ಈಗಲೂ ಜನರ ಬಾಯಲ್ಲಿವೆ. ನಾಟಕದ ರಚನೆಯ ಮೇಲೆ ಹೊರಿಸಬೇಕಾದ ದೂರನ್ನು ಸಂಗೀತದ ಮೇಲೆ ಹೊರಿಸಿದ್ದು ಅವರ ನಂತರದ ವಿದ್ಯಾವಂತ ಪ್ರೇಕ್ಷಕರು. ಹವ್ಯಾಸಿ ರಂಗಭೂಮಿ ನಗರದ್ದೆನಿಸಿತು, ಕಂಪನಿ ಜಾತ್ರೆಯದ್ದೆನಿಸಿತು. ಹಾಡಿನ ಬೆಲೆ ಅದನ್ನು ಕೇಳುವವರ ಅಂತಸ್ತಿನ ಜೊತೆ ಇಳಿಯಿತು.

ಹೀಗೆ ಬೆಲೆ ಏರಿಳಿಯುವುದಕ್ಕೆ ನಮ್ಮ ದೇಶದಲ್ಲೇ ಇನ್ನೊಂದು ಪುರಾವೆ ಇದೆ. 1952ರಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವರಾದ ಬಿ.ವಿ. ಕೇಸ್ಕರ್ ಅವರಿಗೆ ಸಿನಿಮಾ ಹಾಡು ಅಗ್ಗದ್ದೆನಿಸಿತು. ಅವರ ಕಾಲದಲ್ಲಿ ಆಕಾಶವಾಣಿಯಿಂದ ಚಿತ್ರಗೀತೆಗಳು ಮಾಯವಾದವು, ಕೇಳುಗರು ರೇಡಿಯೋ ಸಿಲೋನ್ ಕಡೆ ತಿರುಗಿದರು, ಕೊನೆಗೆ 1957ರಲ್ಲಿ ವಿವಿಧ ಭಾರತಿ ಶುರುವಾಯಿತು. ಅಂದು ಅಭಿರುಚಿ ಕೆಡಿಸುತ್ತವೆ ಎನಿಸಿಕೊಂಡ ಆ ಹಾಡುಗಳನ್ನೇ ಇಂದು ಸುವರ್ಣಯುಗ ಎಂದು ಕರೆಯುತ್ತೇವೆ. ಹಾಗಾದರೆ ಗುಣ ಎಂಬುದೇ ಇಲ್ಲವೇ, ಎಲ್ಲವೂ ಗಾಳಿ ಬೀಸಿದ ಕಡೆಗೋ ಎಂದು ಕೇಳಬಹುದು. ಇದಕ್ಕೆ ಕೊಲಂಬಿಯಾ ವಿಶ್ವವಿದ್ಯಾಲಯದ ಸಾಲ್ಗಾನಿಕ್, ಡಾಡ್ಸ್, ವಾಟ್ಸ್ ಎಂಬ ಮೂವರು 2006ರಲ್ಲಿ ಪ್ರಕಟಿಸಿದ ಪ್ರಯೋಗ ಒಳ್ಳೆಯ ಉತ್ತರ ಕೊಡುತ್ತದೆ. 14,000ಕ್ಕೂ ಹೆಚ್ಚು ಜನರಿಗೆ, ಯಾರೂ ಕೇಳದ ತಂಡಗಳ 48 ಹಾಡುಗಳನ್ನು ಕೊಟ್ಟರು. ಕೆಲವರು ಯಾರ ಹಂಗೂ ಇಲ್ಲದೆ ಆರಿಸಿಕೊಂಡರು. ಉಳಿದವರನ್ನು ಎಂಟು ಬೇರೆ ಬೇರೆ ಗುಂಪು ಮಾಡಿ, ತಮ್ಮ ಗುಂಪಿನ ಉಳಿದವರು ಯಾವ ಹಾಡು ಎಷ್ಟು ಸಲ ಆರಿಸಿದ್ದಾರೆಂದು ತೋರಿಸಿದರು. ತೀರ ಒಳ್ಳೆಯ ಹಾಡುಗಳು ಎಲ್ಲೂ ಪೂರ್ತಿ ಸೋಲಲಿಲ್ಲ, ತೀರ ಕೆಟ್ಟವು ಎಲ್ಲೂ ಗೆಲ್ಲಲಿಲ್ಲ. ಆದರೆ ನಡುವಿನ ಹಾಡುಗಳ ಹಣೆಬರಹ ಗುಂಪಿನಿಂದ ಗುಂಪಿಗೆ ಬೇರೆಯಾಯಿತು. ಒಂದು ಕಡೆ ಮೊದಲ ಸ್ಥಾನಕ್ಕೆ ಬಂದ ಹಾಡು ಇನ್ನೊಂದು ಕಡೆ 40ನೇ ಸ್ಥಾನಕ್ಕಿಳಿದಿತ್ತು. ಗುಣಕ್ಕೆ ತೂಕವಿದೆ, ಅದರ ಜೊತೆಗೆ ಪಕ್ಕದವನು ಏನು ಕೇಳುತ್ತಾನೆ ಎನ್ನುವುದಕ್ಕೂ ನಾವು ಅಂದುಕೊಂಡಿದ್ದಕ್ಕಿಂತ ಹೆಚ್ಚು ತೂಕವಿದೆ. ಒಂದು ಸಂಗೀತ ಈಗ ಚಾಲ್ತಿಯಲ್ಲಿಲ್ಲ ಎಂಬುದರಿಂದ ಅದರ ಗುಣದ ಬಗ್ಗೆ ತೀರ್ಮಾನಕ್ಕೆ ಬರಲಾಗದು.

ಇದೆಲ್ಲ ಬರೀ ಹಳೆಯ ನೆನಪಿನ ಹಂಬಲ, ಬಾಲ್ಯದಲ್ಲಿ ಕೇಳಿದ್ದು ಯಾರಿಗಾದರೂ ಸಿಹಿಯೇ ಎನ್ನುವ ಆಕ್ಷೇಪ ಉಳಿಯುತ್ತದೆ. ನೆನಪಿಗೆ ಆ ಶಕ್ತಿ ಇದೆ, ನಿಜ. ಆದರೆ ಈ ಸಂಗೀತದಿಂದ ಪಡೆದುಕೊಂಡವರ ಹೆಸರುಗಳನ್ನು ನೋಡಿದರೆ ಆ ವಿವರಣೆ ಸಾಲುವುದಿಲ್ಲ. ಅಪರೂಪದ ರಾಗಗಳಿಗೆ ಹೆಸರಾದ ಮಲ್ಲಿಕಾರ್ಜುನ ಮನ್ಸೂರರು ಹುಡುಗರಾಗಿದ್ದಾಗ ನಾಟಕ ಕಂಪನಿಯಲ್ಲಿ ಪಾತ್ರ ಮಾಡಿದವರು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಶಾಸ್ತ್ರೀಯ ಸಂಗೀತದ ಪಾಠವೂ ನಾಟಕ ಕಂಪನಿಯೂ ಒಂದೇ ಸೂರಿನಡಿ ಇದ್ದವು, ಪುಟ್ಟರಾಜ ಗವಾಯಿಗಳು ಸ್ವತಃ ನಾಟಕ ಬರೆದರು. ಗುಬ್ಬಿ ಕಂಪನಿಯಲ್ಲಿದ್ದ ಬಿ.ವಿ. ಕಾರಂತರು ಮುಂದೆ ಕಾಶಿಯಲ್ಲಿ ಓಂಕಾರನಾಥ ಠಾಕೂರರ ಬಳಿ ಕಲಿತು, ರಾಷ್ಟ್ರೀಯ ನಾಟಕ ಶಾಲೆಯಲ್ಲಿ ತರಬೇತಿ ಪಡೆದು, ಆಧುನಿಕ ರಂಗಭೂಮಿಯ ದೊಡ್ಡ ಸಂಗೀತಗಾರರಾದಾಗಲೂ ಕಂಪನಿಯ ಪಾಠ ಮರೆಯಲಿಲ್ಲ. ಹಾಡು ನಾಟಕದ ಕೆಲಸ ಮಾಡಬೇಕು ಎಂಬ ಅವರ ಹಟದಲ್ಲಿ ಕಂಪನಿಯ ಗುಣವೂ ಇತ್ತು, ಅದರ ದೋಷದ ತಿದ್ದುಪಡಿಯೂ ಇತ್ತು. ಗುಬ್ಬಿ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಈ ಹಾಡುಗಳನ್ನು ಇಂದಿನ ವೇದಿಕೆಯಲ್ಲಿ ಹಾಡಿದಾಗ, ಕಂಪನಿ ಆಟವನ್ನೇ ನೋಡಿರದ ಹರೆಯದವರೂ ಒನ್ಸ್ ಮೋರ್ ಕೇಳುತ್ತಾರೆ. ಅವರಿಗೆ ಇಲ್ಲಿ ಬಾಲ್ಯದ ನೆನಪೇನೂ ಇಲ್ಲ. ಅಪರೂಪದ್ದನ್ನು ಮೆಚ್ಚುವುದೇ ಈಗ ಹೊಸ ಫ್ಯಾಷನ್ ಎಂಬ ಮಾತೂ ಇದೆ. ಕೆಲವರ ವಿಷಯದಲ್ಲಿ ಅದು ನಿಜವಿರಬಹುದು. ಅಂಥವರ ಮೆಚ್ಚುಗೆ ಹಾಡನ್ನು ಕಲಿಯುವವರೆಗೆ ಹೋಗುವುದಿಲ್ಲ ಎನ್ನುವುದೊಂದೇ ಗುರುತು.

ಕಲಿಯುವುದೇ ಇಲ್ಲಿ ಮುಖ್ಯ, ಅದಕ್ಕೊಂದು ನಿರ್ದಿಷ್ಟ ಕಾರಣವಿದೆ. ಕಂಪನಿಗಳು ನಾಟಕದ ಹಾಡುಗಳನ್ನು ಪುಟ್ಟ ಪುಸ್ತಕಗಳಾಗಿ ಅಚ್ಚು ಹಾಕಿಸಿ ಥಿಯೇಟರಿನಲ್ಲಿ ಮಾರುತ್ತಿದ್ದವು. ಅವುಗಳಲ್ಲಿ ಸಾಹಿತ್ಯವಿದೆ, ಕೆಲವೊಮ್ಮೆ ರಾಗ ತಾಳದ ಹೆಸರಿದೆ, ಹೆಚ್ಚಿನ ಕಡೆ ಇಂಥ ಹಾಡಿನ ಮಟ್ಟು ಎಂಬ ಸೂಚನೆ ಮಾತ್ರ ಇದೆ. ಸ್ವರಲಿಪಿ ಇಲ್ಲ. ಅಂದು ಎಲ್ಲರಿಗೂ ಗೊತ್ತಿದ್ದ ಆ ಮೂಲ ಹಾಡು ಮರೆತುಹೋದರೆ ಅದರ ಮೇಲೆ ನಿಂತ ಕನ್ನಡದ ಹಾಡುಗಳೂ ಓದಲಷ್ಟೇ ಸಿಗುತ್ತವೆ, ಹಾಡಲು ಬರುವುದಿಲ್ಲ. ಕಂಪನಿಗಳಲ್ಲೇ ಬೆಳೆದು ಹಾರ್ಮೋನಿಯಂ ಹಿಡಿದ ಆರ್. ಪರಮಶಿವನ್ ಅವರಂಥವರು ಇಂಥ ಹಾಡುಗಳನ್ನು ನೆನಪಿನಿಂದ ತೆಗೆದು ಮುಂದಿನವರಿಗೆ ಕಲಿಸಿದ್ದರಿಂದಲೇ ಹಲವು ಮಟ್ಟುಗಳು ನಮ್ಮವರೆಗೆ ಬಂದಿವೆ. ಹಳೆಯ ಹಾಡಿನ ಪುಸ್ತಕ ಮನೆಯ ಅಟ್ಟದಲ್ಲಿ ಸಿಕ್ಕರೆ, ಅದರ ಒಂದೆರಡು ಮಟ್ಟನ್ನಾದರೂ ಬಲ್ಲ ಹಿರಿಯರು ಊರಿನಲ್ಲಿದ್ದರೆ, ಅವರಿಂದ ಹಾಡಿಸಿ ಧ್ವನಿಮುದ್ರಿಸಿ, ಯಾವ ನಾಟಕದ ಯಾವ ಸಂದರ್ಭದ ಹಾಡು, ಯಾವ ಮಟ್ಟು ಎಂದು ಪಕ್ಕದಲ್ಲಿ ಬರೆದಿಡುವ ಕೆಲಸವನ್ನು ಯಾರು ಬೇಕಾದರೂ ಮಾಡಬಹುದು. ಇಷ್ಟವೆಂದು ಬಾಯಿಬಿಟ್ಟು ಹೇಳಲು ಸಂಕೋಚಪಡುವವರು ಈ ಕೆಲಸಕ್ಕೆ ಹೊರಡುವುದಿಲ್ಲ.